ಯಾರೂ ಹೇಳದೆ ಮಾಡಿದ ಗೇಟು

ಹೋದ ತಿಂಗಳು ಚೌಕ ಪೈಪಿನ ತುಂಡು ಹುಡುಕಿಕೊಂಡು ತುಮಕೂರಿನ ಬಟವಾಡಿಯ ಒಂದು ಗುಜರಿ ಅಂಗಡಿಗೆ ಹೋಗಿದ್ದೆ. ಮುರಿದ ಸೈಕಲ್ಲು, ತೂತು ಬಿದ್ದ ಡ್ರಮ್ಮುಗಳ ಹಿಂದೆ ಒಂದು ಕಬ್ಬಿಣದ ಗೇಟು ಗೋಡೆಗೆ ಒರಗಿತ್ತು. ಬಣ್ಣ ಸಿಪ್ಪೆ ಎದ್ದಿತ್ತು. ಮೂಲೆಯ ಜಾಯಿಂಟು ನೋಡಿದೆ. ನನ್ನದೇ ಕೈಕೆಲಸ. ಬೇರೆಯವರಿಗೆ ಎಲ್ಲ ವೆಲ್ಡಿಂಗೂ ಒಂದೇ, ಮಾಡಿದವನಿಗೆ ಹಾಗಲ್ಲ.

"ಕುಣಿಗಲ್ಲಿಂದ ಬಂದಿದ್ದು. ಯಾವ್ದೋ ಮನೆ ಕೆಡವಿದ್ರಂತೆ. ಬೇಕೇನಣ್ಣ?" ಅಂದ ಅಂಗಡಿಯವನು.

ಬೇಡ ಅಂದೆ. ಪೈಪು ತಗೊಳ್ಳುವುದನ್ನೂ ಮರೆತು ಆಚೆ ಬಂದೆ.

ಈಗ ಇಲ್ಲೇ ತುಮಕೂರಿನ ಸತ್ಯಮಂಗಲದಲ್ಲಿ ನನ್ನದೇ ವೆಲ್ಡಿಂಗ್ ಶೆಡ್ಡಿದೆ. ಆ ಗೇಟು ಮಾಡಿದ ಕಾಲಕ್ಕೆ ಕುಣಿಗಲ್ಲಿನಲ್ಲಿ ಕೆರೆ ಕಡೆಯ ಒಂದು ಬೀದಿಯಲ್ಲಿ ಅಂಗಡಿ ಇಟ್ಟಿದ್ದೆ. ಏಳನೇ ಕ್ಲಾಸಿಗೇ ಶಾಲೆ ಬಿಟ್ಟವನು ನಾನು. ಓದಿದವರ ಮುಂದೆ ತಲೆ ತಗ್ಗಿಸಬಾರದು ಅಂತಲೇ ಕೆಲಸ ಕಲಿತೆ. ನಾನು ಹಾಕಿದ ಗೇಟು ಒಂದು ಬೆರಳಲ್ಲಿ ತಳ್ಳಿದರೆ ಸದ್ದಿಲ್ಲದೆ ತೆರೆಯಬೇಕು. ಅದು ನನ್ನ ಜಂಬ.

ಎದುರುಮನೆಯಲ್ಲಿ ಒಬ್ಬ ಅಕ್ಕ ಇದ್ದರು. ಗಂಡ ತೀರಿಕೊಂಡಿದ್ದರು, ಮಕ್ಕಳಿರಲಿಲ್ಲ. ಮುಂದಿನ ರೂಮಿನಲ್ಲಿ ಮಿಷನ್ ಇಟ್ಟುಕೊಂಡು ರವಿಕೆ ಹೊಲಿಯುತ್ತಿದ್ದರು, ಅದರ ಹಿಂದಿನ ರೂಮಿನಲ್ಲಿ ಅಡುಗೆ, ಮಲಗುವುದು. ಉಳಿದ ಹಿಂಭಾಗದಲ್ಲಿ ಅವರ ಭಾವ, ಅಂದರೆ ಗಂಡನ ಅಣ್ಣ, ಸಂಸಾರ ಸಮೇತ ಇದ್ದರು. ಅವರಿಗೆ ಓಣಿ ಕಡೆ ಬೇರೆ ಬಾಗಿಲು. ಮನೆ ಅಣ್ಣತಮ್ಮಂದಿರಿಬ್ಬರ ಹೆಸರಲ್ಲೂ ಇತ್ತು. ತಮ್ಮ ಹೋದ ಮೇಲೆ ಅಣ್ಣ, ಮನೆ ಪೂರ್ತಿ ನನ್ನದೇ, ತಮ್ಮನ ಪಾಲಿಗೆ ದುಡ್ಡು ಕೊಟ್ಟು ಬಾಯಿಮಾತಲ್ಲೇ ತೀರಿಸಿದ್ದೆ ಅಂತ ಕೇಸು ಹಾಕಿದ್ದರು. ತೀರ್ಪು ಬರುವ ತನಕ ಇಬ್ಬರೂ ಮನೆಯನ್ನು ಇದ್ದ ಹಾಗೇ ಇಟ್ಟುಕೊಳ್ಳಬೇಕು, ಏನೂ ಬದಲಾಯಿಸಬಾರದು ಅಂತ ಕೋರ್ಟು ಆರ್ಡರ್ ಮಾಡಿತ್ತು.

ಆ ಆರ್ಡರಿಗೆ ಅಕ್ಕ ಹೆದರಿದಷ್ಟು ಯಾರೂ ಹೆದರಿದ್ದನ್ನು ನಾನು ಕಂಡಿಲ್ಲ. ಗಂಡನ ಫೋಟೋಗೆ ಕಟ್ಟು ಹಾಕಿಸಿ ತಂದರು, ಆದರೆ ಗೋಡೆಗೆ ಮೊಳೆ ಹೊಡೆಯಲಿಲ್ಲ. ಫೋಟೋ ಮಿಷನ್ ಪಕ್ಕ ನೆಲದ ಮೇಲೇ ಇರುತ್ತಿತ್ತು. ಹಬ್ಬಕ್ಕೆ ಬೀದಿಯೆಲ್ಲ ಸುಣ್ಣ ಬಳಿದರೆ ಅವರ ಗೋಡೆ ಹಾಗೇ.

"ರಂಗೋಲಿ ಹಾಕಕ್ಕೂ ಜಡ್ಜ್ ಸಾಹೇಬ್ರನ್ನ ಕೇಳ್ಬೇಕೇನಕ್ಕ?" ಅಂತ ಒಂದು ಸಲ ರೇಗಿಸಿದ್ದೆ.

"ನಗಬ್ಯಾಡ ಕಣೋ ತಮ್ಮಾ. ಭಾವ ಮೊಬೈಲ್ ಕೈಲೇ ಇಟ್ಕಂಡವ್ರೆ. ನಾನೆಲ್ಲಿ ತಪ್ಪು ಮಾಡ್ತೀನಿ ಅಂತ ಕಾಯ್ತಾವ್ರೆ" ಅಂದರು. ಹೇಳುವಾಗ ದನಿ ತಗ್ಗಿಸಿ ಓಣಿ ಕಡೆ ನೋಡಿದರು.

ಅವರ ಮುಂದಿನ ಗೇಟನ್ನು ಕಂಬಕ್ಕೆ ಹಿಡಿದಿದ್ದ ಕೆಳಗಿನ ಹಿಂಜು ತುಕ್ಕು ತಿಂದು ಉದುರಿತ್ತು. ತಂತಿ ಕಟ್ಟಿದ್ದರು. ತೆಗೆದಾಗಲೆಲ್ಲ ಕಲ್ಲಿಗೆ ಉಜ್ಜಿ ಕರಕರ ಅನ್ನುತ್ತಿತ್ತು. ನನ್ನ ಗಿರಾಕಿಯೊಬ್ಬ ಅದನ್ನು ನೋಡಿ, "ಏನ್ಲಾ, ಎದುರುಗಡೆ ಗೇಟೇ ಹಿಂಗೈತೆ, ಇನ್ನು ನಮ್ದು ಹೆಂಗೆ ಮಾಡ್ತೀಯ?" ಅಂತ ನಕ್ಕ. ಆ ಮಾತು ನನಗೆ ಚುಚ್ಚಿತು. ಅಕ್ಕನ ಮೇಲೆ ಕನಿಕರ ಇತ್ತು, ಸುಳ್ಳಲ್ಲ. ಆದರೆ ಮೊದಲು ಎದ್ದಿದ್ದು ನನ್ನ ಜಂಬವೇ. ಒಂದು ಗೇಟು ಬದಲಾದರೆ ಕೋರ್ಟು ಏನಂದೀತು ಅಂದುಕೊಂಡೆ.

ಅಕ್ಕ ವಾಯಿದೆಗೆ ಅಂತ ಕೋರ್ಟಿಗೆ ಹೋದ ದಿನ ಹಳೆ ಗೇಟು ಕತ್ತರಿಸಿ ತೆಗೆದೆ. ಮೊದಲೇ ಮಾಡಿಟ್ಟಿದ್ದ ಹೊಸದನ್ನು ಕೂರಿಸಿ ರೆಡ್ ಆಕ್ಸೈಡ್ ಬಣ್ಣ ಬಳಿದೆ. ಹಳೆಯದನ್ನು ಗುಜರಿ ಗಾಡಿಗೆ ಹಾಕಿದೆ. ಖುಷಿಯಾಗ್ತಾರೆ ಅಂತ ಅಂಗಡಿ ಬಾಗಿಲಲ್ಲೇ ಕಾದು ನಿಂತೆ.

ಅಕ್ಕ ಬಂದರು. ಗೇಟಿನ ಮೇಲೆ ಕೈ ಇಟ್ಟರು. ಹಸಿ ಬಣ್ಣ ಅಂಗೈಗೆಲ್ಲ ಮೆತ್ತಿತು.

"ತಮ್ಮಾ... ಹಳೇದೆಲ್ಲಿ?"

"ಗುಜರಿಗೋಯ್ತು ಬುಡಕ್ಕ."

"ವಾಪಸ್ ತರಕ್ಕಾಗಲ್ವಾ?" ಅನ್ನುತ್ತಾ ಮೆಟ್ಟಿಲ ಮೇಲೆ ಕುಸಿದು ಕೂತರು. ನಾನು ಓಡಿದೆ. ಅಷ್ಟೊತ್ತಿಗೆ ಮಾಲು ಲಾರಿಗೆ ಏರಿ ತುಮಕೂರಿಗೆ ಹೋಗಿತ್ತು. ತಿರುಗಿ ಬಂದರೆ ಭಾವ ಬೀದಿಯಲ್ಲಿ ನಿಂತು ಫೋಟೋ ತೆಗೆಯುತ್ತಿದ್ದರು.

"ಜೋರಾಗೈತೆ ಕಣಯ್ಯಾ ನಿನ್ ಗೇಟು" ಅಂದರು ನಗುತ್ತಾ.

ಅಕ್ಕ ಕೋರ್ಟಿನ ಆರ್ಡರ್ ಮೀರಿದ್ದಾರೆ, ಜೈಲಿಗೆ ಹಾಕಬೇಕು ಅಂತ ಅರ್ಜಿ ಬಿತ್ತು. ಅಕ್ಕನ ಲಾಯರು ನನ್ನನ್ನು ಕರೆಸಿ ಹೇಳಿದರು: "ಇದ್ದಿದ್ದು ಇದ್ದಂಗೆ ಹೇಳಪ್ಪ. ಆಯಮ್ಮ ಮನೇಲಿರ್ಲಿಲ್ಲ, ಆಯಮ್ಮ ಹೇಳಿರ್ಲಿಲ್ಲ, ನೀನಾಗೇ ಮಾಡ್ದೆ. ಅಷ್ಟು ಸಾಕು."

ಐವತ್ತಡಿ ಎತ್ತರದ ತೊಲೆ ಮೇಲೆ ನಿಂತು ಕೆಲಸ ಮಾಡಿದವನು ನಾನು. ಸಾಕ್ಷಿ ಕಟಕಟೆ ಹತ್ತಿದಾಗ ಎರಡೂ ಕೈಯಲ್ಲಿ ಕಂಬಿ ಹಿಡಿದುಕೊಂಡೆ. ಆದರೂ ಹಾಗೇ ಹೇಳಿದೆ. ಆಮೇಲೆ ಭಾವನ ಕಡೆ ಲಾಯರು ಎದ್ದರು.

"ಯಾರೂ ಹೇಳ್ಲಿಲ್ಲ, ಕೂಲೀನೂ ಇಸ್ಕೊಳ್ಲಿಲ್ಲ. ಪುಕ್ಕಟೆ ಗೇಟು ಹಾಕ್ಕೊಟ್ರಿ. ಗಂಡ ಇಲ್ಲದ ಹೆಂಗಸಿಗೆ... ಏನ್ರೀ ಸಂಬಂಧ, ನಿಮಗೂ ಆಯಮ್ಮಂಗೂ?"

ಹಿಂದೆ ಬೆಂಚಿನಲ್ಲಿ ಯಾರೋ ನಕ್ಕರು. ಅಕ್ಕ ಸೆರಗನ್ನು ಬಾಯಿಗೆ ಒತ್ತಿಕೊಂಡು ನೆಲ ನೋಡುತ್ತಿದ್ದರು. ನನ್ನ ಮುಖ ಕಾದ ಕಬ್ಬಿಣವಾಯಿತು.

"ಪುಕ್ಕಟೆ ಅಲ್ಲ ಸಾರ್! ಅವ್ರೇ ಹೇಳಿ ಮಾಡ್ಸಿದ್ರು. ಕೂಲಿ ಕೊಟ್ಟವ್ರೆ."

ಟೈಪಿಸ್ಟು ಆ ಮಾತನ್ನೂ ಟೈಪ್ ಮಾಡಿಕೊಂಡರು. ಆ ಲಾಯರು "ಅಷ್ಟೇ ಸ್ವಾಮಿ" ಅಂತ ಕೂತುಬಿಟ್ಟರು. ಅಕ್ಕ ತಲೆ ಎತ್ತಿ ನನ್ನನ್ನು ನೋಡಿದರು. ನಾನು ಏನು ಮಾಡಿದೆ ಅಂತ ನನಗೆ ಗೊತ್ತಾಗಿದ್ದು ಆ ಕಣ್ಣು ನೋಡಿದ ಮೇಲೆ.

ಆಚೆ ಬಂದಾಗ ಅಕ್ಕ ಬೈಯಲಿಲ್ಲ. "ಹಂಗೆಲ್ಲ ಕೇಳ್ತಾರೆ ಅಂತ ನಂಗೂ ಗೊತ್ತಿರ್ಲಿಲ್ಲ ತಮ್ಮಾ. ಇನ್ನೊಂದ್ಸಲ ಬಂದು ನಿಜ ಹೇಳ್ತೀಯಾ? ಜೈಲು ಅಂದ್ರೆ ನಂಗೆ ಕೈಕಾಲೇ ಆಡಲ್ಲ" ಅಂದರು. ಅವರ ಲಾಯರೂ, ಮತ್ತೆ ಹೇಳೋಕೆ ಅವಕಾಶ ಕೇಳೋಣ ಅಂದರು. ಬರ್ತೀನಿ ಅಂದೆ.

ಆ ಸಾಯಂಕಾಲವೇ ಭಾವ ಅಂಗಡಿಗೆ ಬಂದು ಸ್ಟೂಲು ಎಳೆದುಕೊಂಡು ಕೂತರು. "ಮಾತು ತಿರುಗ್ಸಿದ್ರೆ ಸುಳ್ಳು ಸಾಕ್ಷಿ ಕಣಯ್ಯಾ. ಆಯಮ್ಮನ್ನ ಬುಟ್ಟು ನಿನ್ನೇ ಒಳಗೆ ಹಾಕ್ತಾರೆ. ಹೆಂಡ್ತಿ ಮಕ್ಕಳು ಅವ್ರೆ, ನೋಡ್ಕೋ" ಅಂದರು. ಗದರಲಿಲ್ಲ, ನಿಧಾನವಾಗಿಯೇ ಹೇಳಿದರು.

ಮುಂದಿನ ವಾಯಿದೆಗೆ ನಾನು ಹೋಗಲಿಲ್ಲ. ಕೆಲಸ ಇದೆ ಅಂತ ಹೇಳಿ ಕಳಿಸಿದೆ. ಅದರ ಮುಂದಿನದಕ್ಕೂ... ಅಕ್ಕ ನನ್ನ ಅಂಗಡಿ ಕಡೆ ನೋಡುತ್ತಾ ಮಿಷನ್ ತುಳಿಯುವುದು ಕಾಣುತ್ತಿತ್ತು. ನಾನು ವೆಲ್ಡಿಂಗ್ ಮುಖವಾಡ ಇಳಿಸಿಕೊಂಡುಬಿಡುತ್ತಿದ್ದೆ, ಕೈಯಲ್ಲಿ ಕೆಲಸವಿಲ್ಲದಿದ್ದರೂ.

ಮನೆಯ ಹಕ್ಕು ಬಿಟ್ಟುಕೊಟ್ಟರೆ ಅರ್ಜಿ ವಾಪಸ್ ತಗೊಳ್ತೀನಿ ಅಂತ ಭಾವ ಹೇಳಿ ಕಳಿಸಿದರಂತೆ. ಜೈಲಿನ ಭಯಕ್ಕೆ ಅಕ್ಕ ರಾಜಿಗೆ ಸಹಿ ಹಾಕಿದರು. ಒಂದು ಲಗೇಜ್ ಆಟೋದಲ್ಲಿ ಮಿಷನ್ ಏರಿಸಿಕೊಂಡು ಗುಬ್ಬಿಯ ತಮ್ಮನ ಮನೆಗೆ ಹೋದರು. ಆಟೋ ಹೊರಟಾಗ ನಾನು ಅಂಗಡಿಯ ಒಳಗೇ ಇದ್ದೆ.

ಗುಜರಿಯಲ್ಲಿ ಗೇಟು ಕಂಡ ಮೇಲೆ ನಿದ್ದೆ ಹತ್ತಲಿಲ್ಲ. ಹೋದ ಭಾನುವಾರ ಗುಬ್ಬಿ ಬಸ್ಸು ಹತ್ತಿದೆ. ಕೇಳಿಕೊಂಡು ಕೇಳಿಕೊಂಡು ಆ ಮನೆ ಹುಡುಕಿದೆ. ಅಕ್ಕನ ತಮ್ಮನ ಹೆಂಡತಿ ಬಾಗಿಲಿಗೆ ಬಂದಳು. ಕುಣಿಗಲ್ ಅಕ್ಕ ಇದ್ದಾರಾ ಅಂದೆ.

"ಅಯ್ಯೋ, ಅತ್ಗೆ ತೀರ್ಕಂಡು ಎಲ್ಡು ವರ್ಸ ಆಯ್ತಲ್ಲ. ಯಾರೋ ಬಂದು ಕೋರ್ಟಲ್ಲಿ ನಿಜ ಹೇಳ್ತಾರೆ ಅಂತ ಕಡೇವರ್ಗೂ ಅಂತಿದ್ರು. ಬಸ್ಸು ಬಂದ ಸದ್ದಾದ್ರೆ ಆಚೆ ಬಂದು ನೋಡೋರು. ನೀವ್ಯಾರಾಗ್ಬೇಕು?"

ಅಲ್ಲಿ ಜಡ್ಜ್ ಇರಲಿಲ್ಲ, ಲಾಯರ್ ಇರಲಿಲ್ಲ. ಸೊಂಟದ ಮೇಲೆ ಮಗು ಎತ್ತಿಕೊಂಡ ಒಬ್ಬ ಹೆಣ್ಣುಮಗಳು, ಅಷ್ಟೇ. ಆದರೂ ಅದೇ ಭಯ...

"ಯಾರೂ ಅಲ್ಲ ಕಣಮ್ಮ. ಬಸ್ ಸ್ಟ್ಯಾಂಡಿಗೆ ಯಾವ ಕಡೆ ಹೋಗ್ಬೇಕು?" ಅಂದೆ.

ನಾನು ಆಗಷ್ಟೇ ನಡೆದು ಬಂದಿದ್ದ ದಾರಿಯನ್ನು ಆಕೆ ಕೈ ಮಾಡಿ ತೋರಿಸಿದಳು.