ಇಳೀಬೇಡ ಕಣವ್ವ ಎಂದವರು

ಬಲಗಿವಿಯ ಮುಂದೆ ಅವರಿಗೆ ಗುಂಡನೆಯ ತಗ್ಗೊಂದು ಬಿದ್ದಿತ್ತು. ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಎಂಜಿನ್ನಿಗೆ ಆನಿಸಿ, ಹಿಡಿಯನ್ನು ಅಲ್ಲಿಗೆ ಒತ್ತಿಕೊಂಡು, ಕಣ್ಣು ಮುಚ್ಚಿ ಕೇಳುತ್ತಿದ್ದರು. ವರ್ಷಗಟ್ಟಲೆ ಒತ್ತಿ ಒತ್ತಿ ಆದ ಗುರುತು ಅದು. ತೂಬಗೆರೆಯಲ್ಲಿ ನಮ್ಮ ಮನೆಯ ಪಕ್ಕದಲ್ಲೇ ಅವರ ಷೆಡ್ಡು. ಒಂಟಿ ಮನುಷ್ಯ. ನಾನು ಕರೆಯುತ್ತಿದ್ದದ್ದು ಮೆಕ್ಯಾನಿಕ್ ಮಾವ ಎಂದು.

ಅವರ ಬಳಿಗೆ ಬರುತ್ತಿದ್ದವೆಲ್ಲ ಹಳೆಯ ಡೀಸೆಲ್ ಗಾಡಿಗಳು. ಬೆಳಗಿನ ಚಳಿಗೆ ಸ್ಟಾರ್ಟ್ ಆಗದವು, ಸ್ಟಾರ್ಟ್ ಆದರೂ ನಿಂತಲ್ಲೇ ಜ್ವರ ಬಂದವರಂತೆ ನಡುಗುವವು. ಎಂಜಿನ್ ಓಡುತ್ತಿರುವಾಗಲೇ ಡೀಸೆಲ್ ಪೈಪುಗಳ ನಟ್ಟನ್ನು ಒಂದೊಂದಾಗಿ ಸಡಿಲಿಸಿ ಸದ್ದು ಕೇಳುವರು. ಸದ್ದು ಕುಂದಿದರೆ ಆ ಕಡೆ ಸರಿಯಿದೆ, ಬದಲಾಗದಿದ್ದರೆ ಕಾಯಿಲೆ ಅಲ್ಲೇ ಇದೆ. ಗಾಡಿಯವರು ಅವಸರ ಮಾಡಿದರೆ, "ಸುಮ್ನೆ ಯಾವುದರ ಮೇಲೂ ತಪ್ಪು ಹೊರಿಸ್ಬಾರ್ದು ಕಣಪ್ಪ, ಕೇಳಿ ನೋಡ್ಬೇಕು" ಅನ್ನುವರು. ಹಾಗನ್ನುವಾಗ ಅವರ ದನಿ ಯಾಕೋ ತೀರಾ ತಗ್ಗುತ್ತಿತ್ತು.

ತೊಂಬತ್ತರ ಆಚೀಚೆ ನನ್ನ ಮದುವೆ. ಸೂಲಿಬೆಲೆಯ ಗಂಡಿನವರು ಹಳೆಯ ಡೀಸೆಲ್ ವ್ಯಾನಿನಲ್ಲಿ ಬಂದಿಳಿದರು. ವ್ಯಾನು ನಿಂತು ಗಡಗಡ ಅಲುಗುತ್ತಿದ್ದುದನ್ನು ಕಂಡು ಮಾವ ಡ್ರೈವರ್ ಹತ್ತಿರ ಹೋದರು.

"ಗುರು, ಇದು ನಾಳೆ ಎದ್ದೇಳಲ್ಲ. ಒಂದ್ಸಲ ನೋಡ್ತೀನಿ ಬಿಡು."

"ಹೋಗಣ್ಣ, ಮದ್ವೆ ಊಟ ಮಾಡೋಗು. ಬಂದಿರೋ ಗಾಡಿ ವಾಪಸ್ ಹೋಗಲ್ವಾ?"

ಮಾರನೆಯ ದಿನ ಹೆಣ್ಣೊಪ್ಪಿಸಿದರು. ಅಳುತ್ತ ವ್ಯಾನು ಹತ್ತಿ ಕೂತೆ. ಡ್ರೈವರ್ ಕೀ ತಿರುಗಿಸಿದರೆ ಕರ್ರ್ ಎಂದು ಸುಮ್ಮನಾಯಿತು. ಹುಡುಗರು ತಳ್ಳಿದರು, ಆಗಲಿಲ್ಲ. ಆಗ ನನ್ನ ಗಂಡನ ಸೋದರತ್ತೆ ಬಾಯಿಬಿಟ್ಟರು: "ಬರೋವಾಗ ಚೆನ್ನಾಗೇ ಬಂತಲ್ಲ. ಹುಡುಗಿ ಹತ್ತಿದ್ಮೇಲೆ ತಾನೇ ಹಿಂಗಾಗಿದ್ದು? ಅದೇನ್ ಕಾಲ್ಗುಣಾನೋ. ಒಂದ್ಸಲ ಇಳಿಸಿ ನೋಡಿ."

ನನ್ನ ಅಮ್ಮನ ಮುಖ ಬಿಳಿಚಿಕೊಂಡಿತು. ಅಪ್ಪ ಮೆಲ್ಲಗೆ, "ಒಂದ್ನಿಮಿಷ ಇಳಿಯಮ್ಮ" ಅಂದರು. ನಾನು ಎದ್ದೆ.

ಜನರನ್ನು ಸರಿಸಿಕೊಂಡು ಮಾವ ಬಾಗಿಲಿಗೆ ಬಂದು ನಿಂತರು. "ಇಳೀಬೇಡ ಕಣವ್ವ. ಕೂತ್ಕೋ." ಅಪ್ಪನ ಕಡೆ ತಿರುಗಿ, "ಅವಳು ಇಳಿದ್ರೆ ನಾನು ಈ ಗಾಡಿ ಮುಟ್ಟಲ್ಲ. ಇಳಿದ್ಮೇಲೆ ಸ್ಟಾರ್ಟ್ ಆಯ್ತು ಅಂತಿಟ್ಕೋ, ಆ ಮಾತು ಸಾಯೋಗಂಟ ಇವಳನ್ನ ಬಿಡಲ್ಲ" ಅಂದರು.

ಗಾಡಿಯ ಕೆಳಗೆ ತೂರಿ, ಸೀಳಿದ್ದ ರಬ್ಬರ್ ಪೈಪಿನ ತುದಿಯನ್ನು ಎಲ್ಲರಿಗೂ ತೋರಿಸಿದರು. ರಾತ್ರಿ ನಿಂತಾಗ ಡೀಸೆಲ್ ಇಳಿದುಹೋಗಿ ಪೈಪಿನೊಳಗೆ ಗಾಳಿ ತುಂಬಿದೆ ಎಂದರು. ಸೀಳಿದಷ್ಟನ್ನು ಕತ್ತರಿಸಿ ಬಿಗಿದು, ಸೋದರತ್ತೆಯನ್ನೇ ಕರೆದರು. "ಬನ್ನಿ ಅಮ್ಮ. ಈ ಸ್ಕ್ರೂ ಹತ್ರ ಗುಳ್ಳೆ ಬರ್ತಿದೆಯಲ್ಲ, ಅದು ನಿಂತು ಬರೀ ಡೀಸೆಲ್ ಬಂದಾಗ ನೀವೇ ಹೇಳಿ."

ಆಕೆ ರೇಷ್ಮೆ ಸೀರೆ ಎತ್ತಿ ಸಿಕ್ಕಿಸಿ ಬಗ್ಗಿದರು. ಮಾವ ಕೈಪಂಪು ಒತ್ತುತ್ತ ಹೋದರು. "ಬರ್ತಿದೆ. ಇನ್ನೂ ಬರ್ತಿದೆ. ಹ್ಞಾ, ಈಗಿಲ್ಲ ಕಣಪ್ಪ."

ನಾನು ಒಳಗೆ ಕೂತಿದ್ದಂತೆಯೇ ವ್ಯಾನು ಸ್ಟಾರ್ಟ್ ಆಯಿತು. ನಡುಕವೂ ನಿಂತಿತ್ತು. ಮಾವ ಸ್ಕ್ರೂಡ್ರೈವರ್ ಆನಿಸಿ, ಕಣ್ಣು ಮುಚ್ಚಿ ಇನ್ನೊಮ್ಮೆ ಕೇಳಿದರು.

ಆಷಾಢಕ್ಕೆ ತವರಿಗೆ ಬಂದಾಗ ಅವರ ಷೆಡ್ಡಿಗೆ ಹೋದೆ. ಗಂಡನ ಮನೆಯಲ್ಲಿ ಎಮ್ಮೆ ಸತ್ತಾಗ ಯಾರೋ ನನ್ನತ್ತ ನೋಡಿ ಕಾಲ್ಗುಣ ಎಂದಿದ್ದರು, ಸೋದರತ್ತೆಯೇ "ಸುಮ್ನಿರ್ರೇ, ಮೇವಲ್ಲಿ ಏನಿತ್ತು ಮೊದ್ಲು ನೋಡಿ" ಎಂದು ಬಾಯಿ ಮುಚ್ಚಿಸಿದ್ದರು. ಅದನ್ನು ಹೇಳಿದೆ. ಮಾವ ನಕ್ಕರು. ಆಮೇಲೆ, ನಾನು ಹುಟ್ಟುವುದಕ್ಕೂ ಮುಂಚಿನ ತಮ್ಮ ಮದುವೆಯ ಮಾತೆತ್ತಿದರು. ಅವರ ದಿಬ್ಬಣದ ಲಾರಿಯೂ ಹೀಗೇ ನಿಂತಿತ್ತಂತೆ. ಮದುವಣಗಿತ್ತಿಯನ್ನು ಇಳಿಸಿ ಕೆರೆ ಏರಿಯ ಮೇಲೆ ನಿಲ್ಲಿಸಿದರಂತೆ. ಲಾರಿ ಸ್ಟಾರ್ಟ್ ಆಯಿತು. ಅಲ್ಲಿಂದ ಮನೆಯಲ್ಲಿ ಏನು ಕೆಟ್ಟರೂ ಅವಳ ತಲೆಗೇ. ವರ್ಷ ತುಂಬುವುದರೊಳಗೆ ಅವಳು ಬಾವಿ ಪಾಲಾದಳು.

"ಕೈ ಹಿಡಿದು ಇಳಿಸಿದ್ದು ನಾನೇ ಕಣವ್ವ. ಆಗ ನಂಗೆ ಗಾಡಿ ಬಗ್ಗೆ ಏನೂ ಗೊತ್ತಿರ್ಲಿಲ್ಲ. ಆವತ್ತು ಆ ಲಾರಿಗೆ ಏನಾಗಿತ್ತು ಅಂತ ಇನ್ನೂ ಹುಡುಕ್ತಾನೇ ಇದೀನಿ."

ಎರಡನೆಯ ಹೆರಿಗೆಯಾಗಿ ನಾನು ಸೂಲಿಬೆಲೆಯಲ್ಲೇ ಬಾಣಂತಿಯಾಗಿದ್ದಾಗ ಅವರು ತೀರಿಕೊಂಡರು. ಕೊನೆಯ ಜ್ವರದಲ್ಲಿ ಬೆರಳುಗಳು ಹಾಸಿಗೆಯ ಮೇಲೆ ಯಾವುದೋ ನಟ್ಟು ಹುಡುಕುತ್ತಿದ್ದವು ಎಂದು ಅಮ್ಮ ಹೇಳಿದರು.

ಆಗ ಹುಟ್ಟಿದ ನನ್ನ ಮಗಳಿಗೆ ಈಗ ಮಗಳು. ಸಂತೋಷ ತಡೆಯಲಾರದೆ ಬೀದಿಗೆಲ್ಲ ಸಕ್ಕರೆ ಹಂಚಿದ್ದೇನೆ. ಕಂಡಕಂಡವರಿಗೆ ಕೂಸಿನ ಮೂಗು ವರ್ಣಿಸಿ, "ಸಾಕು ಬಿಡಮ್ಮ" ಎಂದು ಮಗಳಿಂದ ಬೈಸಿಕೊಂಡಿದ್ದೇನೆ. ಆದರೆ ಕೂಸು ತೊಡೆಯ ಮೇಲೆ ನಿದ್ದೆಹೋದಾಗ, ಕೆರೆ ಏರಿಯ ಮೇಲೆ ಮದುವೆ ಸೀರೆಯಲ್ಲಿ ಒಬ್ಬಳೇ ನಿಂತ ಹೆಣ್ಣು ಕಣ್ಣ ಮುಂದೆ ಬರುತ್ತಾಳೆ. ಅವಳ ಮುಖ ನನಗೆ ಗೊತ್ತಿಲ್ಲ. ಅವಳಿಗೆ ಹೇಳದೆ ಉಳಿದ ಮಾತನ್ನು ಮಾವ ಅಂದು ವ್ಯಾನಿನ ಬಾಗಿಲಲ್ಲಿ ನನಗೆ ಹೇಳಿದರು. ಅವಳ ಪಾಲಿನ ಸುಖವನ್ನು ನಾನು ಉಣ್ಣುತ್ತಿದ್ದೇನೆ ಅನ್ನಿಸಿ, ಕೂಸನ್ನು ಇನ್ನಷ್ಟು ಹತ್ತಿರ ಎಳೆದುಕೊಳ್ಳುತ್ತೇನೆ.