ಹರಿಹರದಲ್ಲಿ ಒಂದು ತಾಸು ಬಿಡುವು

ಊರು ತೋರಿಸುವ ಕೆಲಸವನ್ನು ನನ್ನ ತಲೆಗೆ ಕಟ್ಟಿದವರು ನಮ್ಮ ಹೆಡ್‌ಮಾಸ್ತರು. ಅರವತ್ತರ ದಶಕದ ಮೊದಲ ವರ್ಷಗಳು ಅವು. ನಾನು ದಾವಣಗೆರೆಯ ಒಂದು ಪ್ರಾಥಮಿಕ ಶಾಲೆಯಲ್ಲಿ ಮೇಷ್ಟ್ರು. ಸುತ್ತಲ ಹಳ್ಳಿಗಳ ರೈತರನ್ನು, ಮಹಿಳಾ ಮಂಡಳಿಯವರನ್ನು ಸರ್ಕಾರದ ವತಿಯಿಂದ ಬಸ್ಸಿನಲ್ಲಿ ತುಂಬಿಕೊಂಡು ಒಂದು ದಿನದ ಪ್ರವಾಸಕ್ಕೆ ಕರೆತರುತ್ತಿದ್ದರು. ಅವರ ಜೊತೆ ಓಡಾಡಿ ವಿವರಿಸಲು ಒಬ್ಬ ಬೇಕಿತ್ತು. ‘ನಿಮಗೆ ಮಾತು ಬರ್ತೈತೆ, ಕಾಲೂ ಗಟ್ಟಿ ಅದಾವು’ ಎಂದು ಹೆಡ್‌ಮಾಸ್ತರು ನನ್ನ ಹೆಸರು ಬರೆದುಕೊಟ್ಟರು. ಮಾತಿನ ವಿಷಯ ನಿಜವಿದ್ದೀತು. ಕಾಲು ಮಾತ್ರ ಎರಡೇ ವರ್ಷದಲ್ಲಿ ಸೋತುಹೋದವು.

ಬೆಳಗ್ಗೆ ಹತ್ತಿ ಗಿರಣಿ. ಅಲ್ಲಿ ಯಂತ್ರದ ಸದ್ದಿನಲ್ಲಿ ನಾನು ಗಂಟಲು ಹರಿದುಕೊಂಡು ಹೇಳಿದ್ದು ಒಬ್ಬರಿಗೂ ಕೇಳುತ್ತಿರಲಿಲ್ಲ. ಕೇಳಿದವರ ಹಾಗೆ ಎಲ್ಲರೂ ತಲೆ ಆಡಿಸುತ್ತಿದ್ದರು. ಹೊರಗೆ ಬಂದಾಗ ಎಲ್ಲರ ತಲೆಯ ಮೇಲೂ ಹತ್ತಿಯ ಎಳೆ. ಆಮೇಲೆ ಪೇಟೆ ಬೀದಿ. ಮರದ ನೆರಳಲ್ಲಿ ಅವರವರು ಕಟ್ಟಿಕೊಂಡು ಬಂದ ರೊಟ್ಟಿ ಬುತ್ತಿ. ಮಧ್ಯಾಹ್ನ ಹರಿಹರಕ್ಕೆ ಹೋಗಿ ಹೊಳೆ, ಸೇತುವೆ, ಹರಿಹರೇಶ್ವರನ ಗುಡಿ. ಸಂಜೆ ಐದಕ್ಕೆ ಮುಂಚೆ ಬಸ್ಸು ವಾಪಸ್ ಹೊರಡಬೇಕು. ತಿಂಗಳಿಗೆ ಎರಡು ಸಲ, ಕೆಲವೊಮ್ಮೆ ಮೂರು ಸಲ, ಅದೇ ದಾರಿ, ಅದೇ ಮಾತು. ಕೊನೆಕೊನೆಗೆ ಗುಡಿಯ ವಿಗ್ರಹದಲ್ಲಿ ಯಾವ ಅರ್ಧ ಹರಿ, ಯಾವ ಅರ್ಧ ಹರ ಎಂದು ಹೇಳುವಾಗ ನನಗೇ ಆಕಳಿಕೆ ಬರುತ್ತಿತ್ತು. ದೇವರು ಕ್ಷಮಿಸಲಿ.

ಪ್ರವಾಸ ಏರ್ಪಡಿಸುವ ಆಫೀಸಿನವರು ಕೊಟ್ಟ ಕಾಗದದಲ್ಲಿ ಬಿಡುವು ಎಂಬುದು ಇರಲೇ ಇಲ್ಲ. ಹಳ್ಳಿಯಿಂದ ಬಂದವರಿಗೆ ಬಿಡುವು ಕೊಟ್ಟರೆ ಕಳೆದುಹೋಗುತ್ತಾರೆ ಎಂದು ಅವರ ಭಯ. ನಾನೇ ಅಲ್ಲಿ ಹತ್ತು ನಿಮಿಷ, ಇಲ್ಲಿ ಕಾಲು ಗಂಟೆ ಕತ್ತರಿಸಿ ಹರಿಹರದಲ್ಲಿ ಮೂರರಿಂದ ನಾಲ್ಕರವರೆಗೆ ಒಂದು ತಾಸು ಉಳಿಸಿದ್ದೆ. ಬಳೆ ಕೊಳ್ಳುವವರು ಕೊಳ್ಳಲಿ, ಹೊಳೆಯಲ್ಲಿ ಕಾಲು ಇಳಿಬಿಟ್ಟು ಕೂರುವವರು ಕೂರಲಿ ಎಂದು. ನಿಜ ಹೇಳಬೇಕೆಂದರೆ ನನಗೂ ಗುಡಿಯ ಕಟ್ಟೆಗೆ ಒರಗಿ ಕಣ್ಣು ಮುಚ್ಚಬೇಕಿತ್ತು.

ಅದೇ ರೀತಿ ಕಾಗದದಲ್ಲಿ ಇಲ್ಲದ ಒಂದು ಜಾಗವನ್ನೂ ನಾನೇ ಸೇರಿಸಿದ್ದೆ. ದಾವಣಗೆರೆ ಪೇಟೆಯಲ್ಲಿ ನನಗೆ ಪರಿಚಯದ ಸಾವ್ಕಾರರೊಬ್ಬರ ಮಂಡಿ. ಶೇಂಗಾ, ಹತ್ತಿ ಹರಾಜಾಗುವುದನ್ನು ರೈತರ ಮನೆಯವರು ಕಣ್ಣಾರೆ ನೋಡಲಿ ಎಂಬುದು ನೆಪ. ‘ಬರ್ರಿ ಮೇಷ್ಟ್ರೇ’ ಎಂದು ಅಷ್ಟು ಜನರ ಎದುರು ಸಾವ್ಕಾರರು ಗಾದಿಯಿಂದ ಎದ್ದು ಬರುತ್ತಿದ್ದರಲ್ಲ, ಅದು ನನಗೆ ಇಷ್ಟವಾಗುತ್ತಿತ್ತು.

ಒಂದು ಸಲ ಜಗಳೂರು ಕಡೆಯ ಹಳ್ಳಿಯೊಂದರಿಂದ ಹೆಂಗಸರ ಪಾರ್ಟಿ ಬಂತು. ಗಿರಣಿಯ ಗೇಟಿನಲ್ಲಿ ಎಣಿಸಿ ಒಳಗೆ ಬಿಡುವಾಗ ಐವತ್ತರ ಆಸುಪಾಸಿನ ಒಬ್ಬಾಕೆ ಹಿಂದೆ ಉಳಿದರು. ಕಂಕುಳಲ್ಲಿ ಒಂದು ಗಂಟು.

‘ಮೇಷ್ಟ್ರೇ, ಹರಿಹರದಾಗ ಬಿಡುವು ಐತೆ ಅಂತಾರಲ್ಲ, ಖರೇನ್ರಿ?’

‘ಐತೆ ತಾಯಿ, ಒಂದು ತಾಸು.’

‘ನನ್ನ ಮಗಳನ್ನ ಅಲ್ಲೇ ಕೊಟ್ಟೀವ್ರಿ. ಗುಡಿ ಹಿಂದಿನ ಓಣಿ. ಈಗ ಬಸುರಿ, ಏಳು ತಿಂಗಳು ಆಗೈತೆ. ನೋಡಿ ಎರಡು ವರ್ಷ ಆತು.’

ಉಳಿದದ್ದನ್ನು ಗಿರಣಿಯ ಅಂಗಳ ದಾಟುವಷ್ಟರಲ್ಲಿ ಹೇಳಿ ಮುಗಿಸಿದರು. ಮದುವೆಯಲ್ಲಿ ಊಟದ ಪಂಕ್ತಿಯ ವಿಷಯಕ್ಕೆ ಬೀಗರಿಗೂ ಇವರ ಯಜಮಾನರಿಗೂ ಮಾತು ಬೆಳೆದಿತ್ತು. ಅವರಾಗಿ ಬಂದು ಕರೆಯುವವರೆಗೆ ಆ ಮನೆಯ ಹೊಸ್ತಿಲು ತುಳಿಯಬಾರದು ಎಂದು ಯಜಮಾನರ ಕಟ್ಟಪ್ಪಣೆ. ಮಗಳು ಬಸುರಿ ಎಂಬ ಸುದ್ದಿಯೂ ಎರಡೂ ಊರು ತಿರುಗುವ ಬಳೆಗಾರನ ಬಾಯಿಂದ ತಿಳಿದದ್ದು. ಸರ್ಕಾರದ ಪ್ರವಾಸ ಅಂದದ್ದಕ್ಕೆ ಯಜಮಾನರು ಹೂಂ ಅಂದಿದ್ದರು. ಹರಿಹರವೂ ಅದರಲ್ಲಿ ಸೇರಿದೆ ಎಂದು ಈಕೆ ಹೇಳಿರಲಿಲ್ಲ.

‘ಮತ್ತೊಂದು ಸಲ ನನ್ನ ಯಾರು ಕಳಿಸ್ತಾರ್ರಿ?’ ಎಂದರು.

‘ಮೂರಕ್ಕೆ ಸರಿಯಾಗಿ ನಿಮ್ಮನ್ನು ಗುಡಿ ಹತ್ತಿರ ಬಿಡ್ತೀನಿ’ ಎಂದೆ. ಬಹಳ ಗತ್ತಿನಿಂದಲೇ ಹೇಳಿದೆ.

ಬುತ್ತಿ ಮುಗಿದಾಗ ಒಂದೂವರೆ. ನೇರವಾಗಿ ಬಸ್ಸನ್ನು ಹರಿಹರಕ್ಕೆ ಹೊರಡಿಸಿದ್ದರೆ ಎಲ್ಲ ಸರಿಹೋಗುತ್ತಿತ್ತು. ನಾನು ಮಂಡಿಗೆ ಕರೆದುಕೊಂಡು ಹೋದೆ. ಅರ್ಧ ಗಂಟೆಯ ಮಾತು ಅಷ್ಟೇ ಅಂದುಕೊಂಡಿದ್ದೆ. ಆದರೆ ಅವತ್ತು ಸಾವ್ಕಾರರ ತಾಯಿಯವರು ಮಂಡಿಯ ಹಿಂದಿನ ಮನೆಯಲ್ಲಿದ್ದರು. ಇಷ್ಟು ಜನ ಮುತ್ತೈದೆಯರು ಬಾಗಿಲಿಗೆ ಬಂದು ಬಾಯಾರಿ ಹೋದರೆ ಮನೆಗೆ ಒಳ್ಳೆಯದಲ್ಲ ಎಂದು ಅವರು ಚಾಪೆ ಹಾಸಿಸಿಬಿಟ್ಟರು. ‘ಕೂಡ್ರಿ, ಕೂಡ್ರಿ. ಮಂಡಕ್ಕಿ ಕಲಸ್ತಾರೆ, ಮೆಣಸಿನಕಾಯಿ ಕರಿಯಾಕ ಎಷ್ಟು ಹೊತ್ತು?’

ನಲವತ್ತು ಜನರಿಗೆ ಮೆಣಸಿನಕಾಯಿ ಬಜ್ಜಿ ಕರಿಯಲು ಎಷ್ಟು ಹೊತ್ತು ಬೇಕೆಂದು ನಾನು ಅವತ್ತು ತಿಳಿದುಕೊಂಡೆ. ನಡುವೆ ಎರಡು ಸಲ ಎದ್ದು ನಿಂತೆ. ಬ್ಯಾಡ ಅನ್ನಲು ಬಾಯಿ ಬರಲಿಲ್ಲ. ಒಪ್ಪಿಕೊಂಡ ಮೇಲೆ ತಿನ್ನದೆ ಏಳುವುದು ನಮ್ಮ ಕಡೆ ಮುಖಕ್ಕೆ ಹೊಡೆದ ಹಾಗೆ. ಬಜ್ಜಿಯಾದ ಮೇಲೆ ಚಹಾ, ಚಹಾ ಆದ ಮೇಲೆ ಒಬ್ಬೊಬ್ಬರಿಗೂ ಅರಿಶಿನ ಕುಂಕುಮ. ಮಗಳನ್ನು ನೋಡಬೇಕಿದ್ದಾಕೆ ಮೂಲೆಯಲ್ಲಿ ಗಂಟನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದರು. ಬಜ್ಜಿ ತಟ್ಟೆಯಲ್ಲೇ ಆರಿತ್ತು. ನನ್ನ ಕಡೆ ನೋಡಲಿಲ್ಲ. ಗೋಡೆಯ ಗಡಿಯಾರ ನೋಡುತ್ತಿದ್ದರು.

ದಾರಿಯಲ್ಲಿ ರೈಲ್ವೆ ಗೇಟು ಬೇರೆ ಹಾಕಿತ್ತು. ಹರಿಹರದ ಗುಡಿಯ ಮುಂದೆ ಇಳಿದಾಗ ನಾಲ್ಕೂಕಾಲು ದಾಟಿತ್ತು. ಡ್ರೈವರ್ ಇಳಿಯುವ ಮೊದಲೇ ಹೇಳಿದ: ‘ಅರ್ಧ ತಾಸು ರೀ, ಅದಕ್ಕಿಂತ ಒಂದು ನಿಮಿಷ ನಿಲ್ಲಂಗಿಲ್ಲ.’ ನಾನು ಉಳಿದವರನ್ನು ಪೂಜಾರಿಗಳಿಗೆ ಒಪ್ಪಿಸಿ ಆಕೆಯ ಹತ್ತಿರ ಹೋದೆ.

‘ನಡೀರಿ ತಾಯಿ, ನಾನೂ ಬರ್ತೀನಿ. ಬಿರಬಿರನೆ ಹೋಗಿ ಮುಖ ನೋಡಿ ಬರೋಣ.’

ಆಕೆ ಅಲ್ಲಾಡಲಿಲ್ಲ.

‘ಹೆಂಗ ಹೋಗ್ಲಿ ಮೇಷ್ಟ್ರೇ? ಎರಡು ವರ್ಷದ ಮ್ಯಾಲೆ ಬೀಗರ ಮನಿಗೆ ಹೋಗಿ ನಿಂತ ಕಾಲ ಮ್ಯಾಲೆ ವಾಪಸ್ ಬಂದ್ರೆ ಏನಂತಾರ? ನಮ್ಮನಿ ನೀರು ಮುಟ್ಟಲಿಲ್ಲ, ಇನ್ನೂ ಸೊಕ್ಕು ಇಳಿದಿಲ್ಲ ಅಂತಾರ. ನಾನು ಬಸ್ ಹತ್ತಿ ಹೋಗಿಬಿಡ್ತೀನಿ. ಆ ಮಾತು ದಿನಾ ಕೇಳಾಕಿ ಅವಳು.’

ಬಸ್ಸು ನಿಲ್ಲಿಸುತ್ತೇನೆ ಎಂದೆ. ಅದು ನನ್ನ ಕೈಯಲ್ಲಿಲ್ಲ ಎಂದು ಆಕೆಗೂ ಗೊತ್ತಿತ್ತು. ಮಗಳನ್ನೇ ಇಲ್ಲಿಗೆ ಕರೆತರುತ್ತೇನೆ ಎಂದೆ. ‘ಗುರುತಿಲ್ಲದ ಗಂಡಸು ಬಂದು ಕರದ್ರ ಕಳಿಸ್ತಾರೇನ್ರಿ ಬಸುರಿ ಹೆಂಗಸನ್ನ?’ ಎಂದರು. ಬೈದಿದ್ದರೆ ಹಗುರಾಗುತ್ತಿತ್ತು. ಬೈಯಲಿಲ್ಲ. ಗುಡಿಯ ಒಳಗೂ ಹೋಗದೆ ಕಟ್ಟೆಯ ಮೇಲೆ ಕೂತು, ಹಿಂದಿನ ಓಣಿಯ ಕಡೆಯೇ ನೋಡುತ್ತಿದ್ದರು. ನನಗೆ ಮೈಯೆಲ್ಲ ಬಳಲಿತ್ತು, ಆದರೆ ಅವತ್ತು ಆಕೆಯ ಪಕ್ಕ ಕೂರುವ ಧೈರ್ಯ ಬರಲಿಲ್ಲ.

ಬಸ್ಸು ಹತ್ತುವಾಗ ಗಂಟನ್ನು ನನ್ನ ಕೈಗೆ ಕೊಟ್ಟರು. ಹಸಿರು ಕುಪ್ಪಸದ ಖಣ, ಅಕ್ಕಿ, ಕೊಬ್ಬರಿ ಬಟ್ಟಲು, ಬೆಲ್ಲ. ‘ನಿಮ್ಮ ಮನಿಯವರನ್ನ ಕರಕೊಂಡು ಬಂದು ಅವರ ಕೈಲೆ ಉಡಿ ತುಂಬಿಸ್ರಿ. ಇದೊಂದು ಮಾಡ್ರಿ ಸಾಕು.’

ಮುಂದಿನ ಭಾನುವಾರ ಹೆಂಡತಿಯನ್ನು ಕರೆದುಕೊಂಡು ಹೋದೆ. ಎಲ್ಲ ಹೇಳಿದ್ದೆ, ಅವಳು ಬಸ್ಸಿನಲ್ಲಿ ನನ್ನ ಪಕ್ಕ ಬಿಟ್ಟು ಮುಂದಿನ ಸೀಟಿಗೆ ಹೋಗಿ ಕೂತಳು. ಆ ಮನೆಯ ಅತ್ತೆ ನಮ್ಮನ್ನು ಮೇಲಿಂದ ಕೆಳಗೆ ನೋಡಿ, ‘ತವರಿಂದ ಬಂದ ಉಡಿ ಬ್ಯಾಡ ಅನ್ನಾಕ ಬರಲ್ಲ, ಒಳಗ ಬರ್ರಿ’ ಎಂದರು. ಹುಡುಗಿಯನ್ನು ಮಣೆಯ ಮೇಲೆ ಕೂರಿಸಿ ನನ್ನ ಹೆಂಡತಿ ಉಡಿ ತುಂಬಿದಳು. ಅತ್ತೆ ಚಹಾ ಇಡಲು ಒಳಗೆ ಹೋದರು. ಹುಡುಗಿ ಸೆರಗಿನಲ್ಲಿದ್ದ ಅಕ್ಕಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ನನ್ನ ಕಡೆ ತಿರುಗಿ ದನಿ ತಗ್ಗಿಸಿ ಕೇಳಿದಳು.

‘ನಮ್ಮೂರ ಹೆಂಗಸರು ಮೂರರ ಹೊತ್ತಿಗೆ ಗುಡಿಗೆ ಬರ್ತಾರ ಅಂತ ಬಳೆಗಾರ ಹೇಳಿದ್ನ್ರಿ. ಗುಡಿ ದೀಪಕ್ಕ ಎಣ್ಣಿ ಹಾಕಿ ಬರ್ತೀನಿ ಅಂತ ನಮ್ಮ ಅತ್ತಿ ಮುಂದ ಹೇಳಿ ಹೋಗಿ ನಾಲ್ಕರ ತನಕ ಕಂಬದ ಹತ್ರ ಕುಂತಿದ್ದೆ. ಅದಕ್ಕಿಂತ ಹೆಚ್ಚು ಕೂಡಂಗಿರಲಿಲ್ಲ. ನಾನು ಎದ್ದು ಬಂದ ಮ್ಯಾಲೆ ಅವ್ವ ಏನಾರ ಬಂದಿದ್ಲೇನ್ರಿ? ಇನ್ನೊಂದು ಗಳಿಗೆ ಕೂಡಬೇಕಿತ್ತೇನೋ ಅಂತ ಆವತ್ತಿಂದ ನಿದ್ದಿ ಇಲ್ರಿ.’

ನನ್ನ ಹೆಂಡತಿ ನನ್ನನ್ನೇ ನೋಡುತ್ತಿದ್ದಳು.

‘ಇಲ್ಲವ್ವ’ ಎಂದೆ. ‘ನಿಮ್ಮ ಅವ್ವ ದಾವಣಗೆರೆಯಿಂದಲೇ ವಾಪಸ್ ಹೋದರು. ಹರಿಹರಕ್ಕೆ ಬರಲೇ ಇಲ್ಲ.’

‘ಹಂಗಾದ್ರ ಸರಿ ಬಿಡ್ರಿ’ ಎಂದಳು. ಎಷ್ಟೋ ದಿನಕ್ಕೆ ಉಸಿರು ಬಿಟ್ಟವಳ ಹಾಗೆ ಗೋಡೆಗೆ ಒರಗಿ ಕೂತಳು. ತಡ ಮಾಡಿದವನು ನಾನು ಎಂದು ಹೇಳಬೇಕಿತ್ತು. ಅಷ್ಟರಲ್ಲಿ ಅತ್ತೆ ಚಹಾ ತಂದರು, ನಾನು ಕುಡಿದೆ.