ಬೆಳ್ಳಕ್ಕಿ ಕಾಸು

ನನಗೆ ಎಲ್ಲರ ಧ್ವನಿಯೂ ಬರುತ್ತದೆ. ನಮ್ಮ ಓನರ್ ಆಂಟಿ ನೀರಿನ ಮೋಟರಿಗಾಗಿ ಮೆಟ್ಟಿಲ ಕೆಳಗಿಂದ ಕೂಗುವುದು, ಆಫೀಸಿನ ಮ್ಯಾನೇಜರು ಮೂಗಿನಲ್ಲಿ ಮೀಟಿಂಗ್ ಶುರು ಮಾಡುವುದು, ಬಿಟಿಎಂ ಲೇಔಟಿನಲ್ಲಿ ರೂಮು ಮಾಡಿಕೊಂಡಿರುವ ಬಾಗಲಕೋಟೆಯ ಗೆಳೆಯ ಇಲ್ಲಿನ ಸಾಂಬಾರು ಬಾಯಿಗಿಟ್ಟು ‘ಏನ್ಲೇ ಇದು, ಬೆಲ್ಲದ ಪಾನಕ ಮಾಡ್ಯಾರ’ ಎಂದು ಬೈಯುವುದು, ಎಲ್ಲ ಬರುತ್ತದೆ. ನನ್ನ ಧ್ವನಿಯನ್ನೂ ನಾನು ಅಣಕಿಸಬಲ್ಲೆ. ಅದಕ್ಕೆ ಮಾತ್ರ ಯಾರೂ ನಗುವುದಿಲ್ಲ, ಅದು ಮೊದಲೇ ಅಣಕದ ಹಾಗಿದೆ.

ಮಾವನ ಧ್ವನಿ ಎಲ್ಲಕ್ಕಿಂತ ಸುಲಭ. ಅಮ್ಮನ ತಮ್ಮ. ಮದುವೆಯಾಗಿರಲಿಲ್ಲ. ಇಟ್ಟಮಡುವಿನ ನಮ್ಮ ಬಾಡಿಗೆ ಮನೆಯ ಹಾಲಿನಲ್ಲಿ ಮಲಗುತ್ತಿದ್ದ, ಏರ್‌ಪೋರ್ಟಿಗೆ ಟ್ಯಾಕ್ಸಿ ಓಡಿಸುತ್ತಿದ್ದ. ಏನಾದರೂ ಕೇಳಬೇಕಾದರೆ ಮೊದಲು ಎರಡು ಸಲ ಗಂಟಲು ಸರಿಮಾಡಿಕೊಳ್ಳುತ್ತಿದ್ದ, ಚಳಿಗೆ ಸ್ಟಾರ್ಟ್ ಆಗದ ಡೀಸೆಲ್ ಗಾಡಿಯ ಹಾಗೆ. ಆಮೇಲೆ ‘ಅಳಿಯಂದ್ರೇ’ ಎನ್ನುತ್ತಿದ್ದ. ಅಕ್ಕನ ಮಗನಿಗೆ ಅಷ್ಟು ಮರ್ಯಾದೆ ಕೊಟ್ಟ ಎಂದರೆ ಏನೋ ಕೆಲಸವಿದೆ ಎಂದೇ ಅರ್ಥ.

ನಾಣ್ಯಗಳು ಮನೆಗೆ ಬಂದದ್ದು ಅವನಿಂದಲೇ. ಹೊರದೇಶದಿಂದ ಇಳಿದವರ ಜೇಬಿನಲ್ಲಿ ಉಳಿದ ಚಿಲ್ಲರೆಯನ್ನು ಇಲ್ಲಿ ಯಾರೂ ಬದಲಾಯಿಸಿಕೊಡುವುದಿಲ್ಲ, ನೋಟಾದರೆ ಸರಿ, ಕಾಸು ಬೇಡ. ಹಾಗಾಗಿ ಪ್ರಯಾಣಿಕರು ಅದನ್ನು ಡ್ರೈವರಿಗೆ ಕೊಟ್ಟು ಧಾರಾಳಿಗಳಾಗುತ್ತಿದ್ದರು. ಮಾವ ಅದನ್ನು ಅಂಗಿಯ ಜೇಬಿನಲ್ಲಿ ತಂದು ಅಡುಗೆಮನೆ ಕಟ್ಟೆಯ ಮೇಲೆ ಸುರಿಯುತ್ತಿದ್ದ. ಯಾವುದಕ್ಕೆ ಎಷ್ಟು ಬೆಲೆ ಎಂದು ನಾವು ಒಮ್ಮೆಯೂ ನೋಡಲಿಲ್ಲ. ಚಿತ್ರ ಚೆನ್ನಾಗಿರಬೇಕು, ಅಷ್ಟೇ. ಬರೀ ಅಂಕಿ ಇರುವವು ಮೊಳೆಗಳ ಡಬ್ಬಿಗೆ ಹೋಗುತ್ತಿದ್ದವು. ಚಿತ್ರವಿರುವವು ನನ್ನ ಆಲ್ಬಮ್ಮಿಗೆ.

ಮಾವನಿಗೆ ದೇಶಗಳ ಹೆಸರು ಬೇಕಿರಲಿಲ್ಲ. ಅವನ ಭೂಗೋಳವೇ ಬೇರೆ. ಕೊಂಬಿನ ಜಿಂಕೆ ಇರುವುದು ಜಿಂಕೆ ದೇಶ. ಕಾಫಿ ಹೂಜಿಯ ಚಿತ್ರವಿರುವ ದುಬೈ ಕಾಸು ಹೂಜಿ ದೇಶದ್ದು. ಆಸ್ಟ್ರೇಲಿಯಾದ ಪ್ಲಾಟಿಪಸ್ ಇರುವ ಕಾಸನ್ನು ಅವನು ಟ್ಯೂಬ್‌ಲೈಟಿಗೆ ಹಿಡಿದು ಬಹಳ ಹೊತ್ತು ನೋಡಿದ್ದ.

‘ಇಲಿಗೆ ಬಾತುಕೋಳಿ ಮೂತಿ ಅಂಟಿಸವ್ರಲ್ಲೋ. ಕಾಸ್ ಮಾಡೋ ದಿವ್ಸ ಸರಿಯಾಗಿ ಕುಡಿದಿದ್ರು ಅನ್ಸತ್ತೆ.’

‘ಮಾವ, ಅಂಥ ಪ್ರಾಣಿ ನಿಜವಾಗ್ಲೂ ಇದೆ.’

‘ಹಂಗಾದ್ರೆ ದೇವ್ರೂ ಕುಡಿದಿದ್ದ.’

ಬೆಳ್ಳಕ್ಕಿ ಕಾಸು ಬಂದದ್ದು ಒಂದೇ ಒಂದು. ನ್ಯೂಜಿಲೆಂಡಿನದು, ಚಿನ್ನದ ಬಣ್ಣ. ರೆಕ್ಕೆ ಎರಡನ್ನೂ ಮೇಲೆತ್ತಿ, ಕಾಲನ್ನು ಹಿಂದಕ್ಕೆ ಬಿಟ್ಟು ಹಾರುತ್ತಿರುವ ಹಕ್ಕಿ. ಕೆತ್ತಿದವನು ಎಲ್ಲಿ ನಿಲ್ಲಿಸಬೇಕೆಂದು ತಿಳಿದವನು, ಗರಿಗಳನ್ನು ಒಂದಿಷ್ಟು ಗೆರೆಗಳಲ್ಲೇ ಮುಗಿಸಿದ್ದಾನೆ. ಅಮ್ಮ ಮತ್ತು ಮಾವ ಹುಟ್ಟಿದ್ದು ಅಂಜನಾಪುರದಲ್ಲಿ, ಅದು ಬಡಾವಣೆಯಾಗುವ ಮುಂಚೆ, ಇನ್ನೂ ಕೆರೆ ಪಕ್ಕದ ಹಳ್ಳಿಯಾಗಿದ್ದಾಗ. ಮಾವ ಕಾಸನ್ನು ಅಂಗೈಯಲ್ಲಿಟ್ಟುಕೊಂಡು, ‘ನಮ್ ಕೆರೆಯೋಳೇ ಕಣೋ ಇವ್ಳು. ಅಲ್ಲಿವರ್ಗೂ ಹೋಗಿ ಕಾಸಾಗ್ಬಿಟ್ಟವ್ಳೆ’ ಎಂದ. ಹೆಬ್ಬೆರಳಿನಿಂದ ರೆಕ್ಕೆಯನ್ನು ಸವರಿದ.

ನಾನು ಕಿತ್ತುಕೊಂಡೆ. ಅಷ್ಟು ಹೊತ್ತಿಗೆ ನಾನು ಮೊಬೈಲಿನಲ್ಲಿ ನೋಡಿ ನೋಡಿ ಪಂಡಿತನಾಗಿದ್ದೆ. ನಾಣ್ಯವನ್ನು ಅಂಚಿನಲ್ಲಿ ಮಾತ್ರ ಹಿಡಿಯಬೇಕು, ಮುಖ ಮುಟ್ಟಬಾರದು, ಬೆರಳಿನ ಎಣ್ಣೆ ತಾಗಿದರೆ ಕಲೆ ಉಳಿಯುತ್ತದೆ. ಒಂದೊಂದನ್ನೂ ಪ್ಲಾಸ್ಟಿಕ್ ಕವರಿಗೆ ಹಾಕಿದೆ. ತಂದುಕೊಡುವವನು ಅವನು, ಮುಟ್ಟುವ ಹಾಗಿಲ್ಲದವನೂ ಅವನೇ. ಅವನು ಬೇಜಾರು ಮಾಡಿಕೊಳ್ಳಲಿಲ್ಲ. ‘ಸರಿ, ಮ್ಯೂಸಿಯಂ ಸಾರ್’ ಎಂದು ಕೈ ಕಟ್ಟಿಕೊಂಡು ನೋಡುವುದನ್ನು ಕಲಿತ.

ನವೆಂಬರಿನ ಒಂದು ಸಂಜೆ ಡ್ಯೂಟಿಗೆ ಹೊರಟವನು ಮೆಟ್ಟಿಲ ಹತ್ತಿರ ನಿಂತು ಗಂಟಲು ಸರಿಮಾಡಿಕೊಂಡ. ಎರಡು ಸಲ.

‘ಅಳಿಯಂದ್ರೇ. ಬೆಳ್ಳಕ್ಕಿ ಕಾಸು ಒಂದ್ ದಿನಕ್ಕೆ ಕೊಡ್ತೀರಾ? ಗಾಡೀಲಿಟ್ಕೊಂಡಿರ್ತೀನಿ.’

‘ಯಾಕೆ?’

‘ಅಲ್ಲಿ ನಾಲ್ಕ್ ನಾಲ್ಕ್ ಗಂಟೆ ಪಾರ್ಕಿಂಗ್ನಲ್ಲಿ ಕೂತಿರ್ತೀನಿ. ಮುಂದಿನ್ ಗಾಡಿ ಡಿಕ್ಕಿ ಬಿಟ್ರೆ ನೋಡಕ್ಕೇನಿಲ್ಲ ಅಲ್ಲಿ.’

ನಾನು ಅವನದೇ ಧ್ವನಿಯಲ್ಲಿ, ಅವನ ಹಾಗೇ ಎರಡು ಸಲ ಗಂಟಲು ಸರಿಮಾಡಿಕೊಂಡು ಹೇಳಿದೆ: ‘ಮಾವಂದ್ರೇ, ಕಾಸು ಮ್ಯೂಸಿಯಂ ಬಿಟ್ಟು ಹೊರಗಡೆ ಬರಲ್ಲ. ಫೋಟೋ ಕಳಿಸ್ತೀನಿ, ಜೂಮ್ ಮಾಡ್ಕೊಂಡ್ ನೋಡಿ.’

ಅವನು ಜೋರಾಗಿ ನಕ್ಕ. ‘ನನ್ ಥರಾನೇ ಮಾತಾಡ್ತೀಯಲ್ಲೋ, ಸಖತ್’ ಎಂದು ಇಳಿದುಹೋದ. ಫೋಟೋ ಕಳಿಸುವುದನ್ನೂ ನಾನು ಮರೆತೆ.

ಅದಾಗಿ ಇಪ್ಪತ್ತು ದಿನಕ್ಕೆ ಅವನು ಅದೇ ಪಾರ್ಕಿಂಗಿನಲ್ಲಿ, ಸೀಟು ಹಿಂದಕ್ಕೆ ಒರಗಿಸಿಕೊಂಡು ತೀರಿಕೊಂಡ. ಹೃದಯ ನಿಂತಿತ್ತು. ಅಕ್ಕಪಕ್ಕದ ಡ್ರೈವರುಗಳು ಮಲಗಿದ್ದಾನೆ ಅಂದುಕೊಂಡಿದ್ದರಂತೆ. ಸರದಿ ಬಂದಾಗ ಗಾಜು ಬಡಿದರಂತೆ.

ಮಾರನೆಯ ಬೆಳಿಗ್ಗೆ ಅವನನ್ನು ಮನೆಗೆ ತಂದರು. ದಿನವೂ ಅವನು ಚಾಪೆ ಹಾಸುತ್ತಿದ್ದ ಜಾಗದಲ್ಲೇ ಐಸ್ ಪೆಟ್ಟಿಗೆ ಇಟ್ಟರು. ನನಗೆ ಏನೂ ಆಗಲಿಲ್ಲ. ಹೀಗೆ ಬರೆಯಲು ನಾಚಿಕೆಯಾಗಬೇಕು, ಅದೂ ಆಗುತ್ತಿಲ್ಲ. ಪೆಟ್ಟಿಗೆಯ ಪ್ಲಗ್ಗು ಸಡಿಲವಾಗಿತ್ತು, ಅದರ ಕೆಳಗೆ ಪೇಪರು ಮಡಿಸಿ ಸಿಕ್ಕಿಸಿದೆ. ಬಂದವರಿಗೆ ಕುರ್ಚಿ ಹಾಕಿದೆ. ಅಳುವವರ ಧ್ವನಿಗಳನ್ನು ಒಳಗೊಳಗೇ ಕಲಿಯುತ್ತಿದ್ದೆ. ಅಂಜನಾಪುರದಿಂದ ಬಂದಿದ್ದ ಅಮ್ಮನ ದೊಡ್ಡಮ್ಮ, ಅಂದರೆ ನನ್ನ ಅಜ್ಜಿ, ರಾಗವಾಗಿ ಅತ್ತು, ನಡುವೆ ನಿಲ್ಲಿಸಿ ‘ಕಾಫಿಗೆ ಹಾಲೈತೇನವ್ವಾ’ ಎಂದು ಕೇಳಿ, ಬಿಟ್ಟ ಸ್ವರದಿಂದಲೇ ಮತ್ತೆ ಎತ್ತಿಕೊಂಡರು. ಅದನ್ನು ಹೇಗೆ ಮಾಡುವುದು ಎಂದು ಯೋಚಿಸುತ್ತಾ ನಿಂತಿದ್ದೆ. ಮಾವನ ಮುಖವನ್ನು ಬಿಟ್ಟು ಎಲ್ಲವನ್ನೂ ನೋಡಿದೆ.

ನಮ್ಮಲ್ಲಿ ಸತ್ತವರಿಗೆ ಸ್ನಾನ ಮಾಡಿಸಿ, ಹಣೆಗೆ ಅರಿಶಿನದಲ್ಲಿ ಒಂದು ರೂಪಾಯಿ ಕಾಸನ್ನು ಅಂಟಿಸುತ್ತಾರೆ. ಸ್ನಾನ ಮುಗಿಯಿತು. ಅಜ್ಜಿ ಕೈ ಚಾಚಿದರು.

‘ಕಾಸ್ ಕೊಡ್ರಪ್ಪ ಒಂದು.’

ಮೂವತ್ತು ಜನರಿದ್ದರು. ಗಂಡಸರು ಜೇಬು ತಟ್ಟಿಕೊಂಡರು, ಹೆಂಗಸರು ಪರ್ಸು ತೆಗೆದರು. ಎಲ್ಲರ ಫೋನಿನಲ್ಲೂ ದುಡ್ಡಿತ್ತು, ಯಾರಲ್ಲೂ ಕಾಸಿರಲಿಲ್ಲ. ದೇವರ ಮನೆಯ ಡಬ್ಬಿಯಲ್ಲಿದ್ದದ್ದು ಹರಕೆಯದು, ಅದನ್ನು ಮುಟ್ಟುವ ಹಾಗಿಲ್ಲ. ಮೂಲೆಯ ಅಂಗಡಿಗೆ ಓಡಿದವರೊಬ್ಬರು ಹತ್ತರ ನೋಟು ಹಿಡಿದು ವಾಪಸ್ಸು ಬಂದರು. ಅಲ್ಲಿ ಚಿಲ್ಲರೆಯ ಬದಲು ಚಾಕಲೇಟು ಕೊಡಲು ಶುರುಮಾಡಿ ವರ್ಷಗಳಾಗಿವೆ. ‘ಹಣೆಗೆ ಕ್ಯೂಆರ್ ಕೋಡ್ ಅಂಟಿಸಿ, ಮೇಲಿನವರು ಸ್ಕ್ಯಾನ್ ಮಾಡ್ಕೊಳ್ತಾರೆ’ ಎಂಬ ಮಾತು ನನ್ನ ನಾಲಿಗೆಯ ತುದಿಗೆ ಬಂದು ನಿಂತಿತು. ಅದಕ್ಕೆ ಮೊದಲು ನಗಬೇಕಾದವನು ಪೆಟ್ಟಿಗೆಯ ಪಕ್ಕದಲ್ಲಿ ಮಲಗಿದ್ದ.

ಕೆಳಗೆ ಗಾಡಿ ಕಾಯುತ್ತಿತ್ತು. ಅಮ್ಮ ನನ್ನನ್ನು ನೋಡಿದಳು. ‘ನಿನ್ ಆಲ್ಬಮ್ ತಗೊಂಬಾರೋ. ಅವನು ತಂದಿದ್ದೇ ಅಲ್ವಾ.’

ಆಲ್ಬಮ್ ತಂದುಕೊಟ್ಟೆ. ಅಜ್ಜಿ ಮೊಣಕಾಲಿನ ಮೇಲಿಟ್ಟುಕೊಂಡು ಹಾಳೆ ತಿರುಗಿಸತೊಡಗಿದರು, ಸೀರೆ ಆರಿಸುವವರ ಹಾಗೆ.

‘ಇದೇನಿದು, ತೂತು?’

‘ಜಪಾನ್ದು ಅಜ್ಜಿ. ಭತ್ತದ ತೆನೆ ಇದೆ ನೋಡಿ.’

‘ತೆನೆಯೇನೋ ಲಕ್ಷಣವಾಗೈತೆ. ತೂತಿರೋದು ಬ್ಯಾಡ. ಇವ್ಳ್ಯಾರು?’

‘ರಾಣಿ. ಇಂಗ್ಲೆಂಡಿನೋಳು.’

‘ಮದ್ವೆ ಆಗ್ದಿರೋ ಗಂಡು ಕಣಪ್ಪ. ಯಾವಳೋ ಪರದೇಶದೋಳ ಮುಖಾನ ಹಣೇಗ್ ಕಟ್ಟಿ ಕಳಿಸಾಕಾಯ್ತದಾ?’

ಯಾರೋ ಬಾಯಿಗೆ ಸೆರಗು ಒತ್ತಿಕೊಂಡರು, ಅಳುವಿಗೋ ನಗುವಿಗೋ ತಿಳಿಯಲಿಲ್ಲ. ಇನ್ನೊಂದು ಹಾಳೆ ತಿರುಗಿತು. ಅಜ್ಜಿಯ ಬೆರಳು ಬೆಳ್ಳಕ್ಕಿಯ ಮೇಲೆ ನಿಂತಿತು.

‘ಇದು ಚಂದಾಗೈತಲ್ಲ.’

‘ಅದ್ರ ಹಿಂದೇನೂ ರಾಣಿ ಇದಾಳೆ ಅಜ್ಜಿ’ ಎಂದೆ.

ಸುಳ್ಳಲ್ಲ. ಇದ್ದಾಳೆ. ಆದರೆ ನಾನು ಹೇಳಿದ್ದು ಅದಕ್ಕಲ್ಲ. ಅದು ಒಂದೇ ಒಂದು ಎಂದು. ಬೆಳಗಿನಿಂದ ಒಳಗೆ ಏನೂ ಮಿಸುಕಾಡಿರಲಿಲ್ಲ. ಅಳು, ಭಯ, ಹಸಿವು, ಯಾವುದೂ ಇರಲಿಲ್ಲ. ಎಚ್ಚರವಾಗಿದ್ದದ್ದು ಈ ಲೆಕ್ಕವೊಂದೇ. ಹೂಜಿ ಕಾಸು ಏಳು ಇದ್ದವು. ಒಂದು ಹೋದರೆ ಆರು ಉಳಿಯುತ್ತವೆ. ನಾನೇ ಕವರಿನಿಂದ ಒಂದನ್ನು ತೆಗೆದು, ಅಂಚಿನಲ್ಲಿ ಹಿಡಿದು ಅಜ್ಜಿಗೆ ಕೊಟ್ಟೆ.

‘ಹೂಜಿ ಅಜ್ಜಿ. ಹಿಂದೆ ಬರೀ ಅಕ್ಷರ.’

ಅಜ್ಜಿ ಕಣ್ಣಿನ ಹತ್ತಿರ ಹಿಡಿದು ನೋಡಿದರು. ‘ಒಳ್ಳೇದೇ ಆರಿಸ್ದೆ ಕಣಪ್ಪ. ದಾರೀಲಿ ನೀರಿಗಾಯ್ತದೆ.’ ಸುತ್ತಲಿದ್ದವರು ಹೌದೌದು ಎಂದರು. ಒಬ್ಬರು ನನ್ನ ಬೆನ್ನು ತಟ್ಟಿದರು. ನಾನು ತಟ್ಟಿಸಿಕೊಂಡೆ.

ಚಿತಾಗಾರದಲ್ಲಿ ಕೆಲಸದವರು ಹೂವಿನ ಹಾರ ತೆಗೆದು ಒಂದು ಕಡೆ ಹಾಕಿದರು. ಉಡಿದಾರ ಕತ್ತರಿಸಿದರು. ಒಬ್ಬಾತ ಹಣೆಯ ಮೇಲಿನ ಕಾಸನ್ನು ಉಗುರಿನಿಂದ ಎಬ್ಬಿಸಿ, ಪ್ಯಾಂಟಿಗೆ ಒರೆಸಿ ನೋಡಿದ.

‘ಯಾವ್ದಣ್ಣ ಇದು? ಓಡತ್ತಾ?’

‘ಇಲ್ಲ. ದುಬೈದು.’

‘ಮತ್ತೆ ನಂಗ್ಯಾಕೆ?’ ಎಂದು ನನ್ನ ಕೈಗೆ ಹಾಕಿದ. ಬೇಜಾರಿನಿಂದಲ್ಲ, ಸುಮ್ಮನೆ. ‘ಒಳಗೆ ಹಾಕಂಗಿಲ್ಲ ಸಾರ್, ಲೋಹ.’

ಅಲ್ಲಿಂದ ಏನನ್ನೂ ಮನೆಗೆ ತರಬಾರದೆಂದು ಹೊರಡುವಾಗಲೇ ಅಮ್ಮ ಹೇಳಿದ್ದಳು. ಕಾಸನ್ನು ಕಾಂಪೌಂಡಿನ ಗೋಡೆಯ ಮೇಲಿಟ್ಟೆ. ಹೂಜಿಯ ಸುತ್ತ ಅರಿಶಿನ ಮೆತ್ತಿಕೊಂಡಿತ್ತು. ಗೆರೆಗಳು ಮೊದಲಿಗಿಂತ ಚೆನ್ನಾಗಿ ಕಾಣುತ್ತಿದ್ದವು. ಅದನ್ನೂ ಗಮನಿಸಿದೆ. ನಂತರ ನಲ್ಲಿಯಲ್ಲಿ ಕಾಲು ತೊಳೆದುಕೊಂಡು ಬಂದೆ.

ಹನ್ನೊಂದನೆಯ ದಿನ ಆಯಿತು. ನಾನು ಆಫೀಸಿಗೆ ಹೋದೆ, ಮ್ಯಾನೇಜರಿನ ಧ್ವನಿ ಮಾಡಿದೆ, ಎಲ್ಲರೂ ನಕ್ಕರು. ‘ಮಗಾ ನೀನು ನಾರ್ಮಲ್ ಇದೀಯಾ ಬಿಡು’ ಎಂದರು. ಹೌದು, ನಾರ್ಮಲ್ಲಾಗೇ ಇದ್ದೆ. ಮನೆಗೆ ಬಂದರೆ ಹಾಲಿನಲ್ಲಿ ಚಾಪೆಯ ಜಾಗ ಖಾಲಿ, ಅದನ್ನು ತುಳಿಯದೆ ಸುತ್ತುಹಾಕಿ ರೂಮಿಗೆ ಹೋಗುತ್ತಿದ್ದೆ. ಆಲ್ಬಮ್ಮನ್ನು ತೆರೆಯಲಿಲ್ಲ. ತೆರೆಯದೆ ಇರುವುದಕ್ಕೆ ದುಃಖ ಕಾರಣ ಎಂದು ಹೇಳಿದರೆ ಚೆನ್ನಾಗಿರುತ್ತದೆ. ಹಾಗೇನಿರಲಿಲ್ಲ. ಅದರೊಳಗೆ ಏನಿದೆಯೆಂದು ಗೊತ್ತಿತ್ತು, ಅಷ್ಟೇ.

ಸಂಕ್ರಾಂತಿ ಕಳೆದ ಮೇಲಿನ ಒಂದು ಭಾನುವಾರ ಅಮ್ಮ ನೆಲದ ಮೇಲೆ ಪೇಪರು ಹಾಸಿಕೊಂಡು ಅವರೆಕಾಯಿ ಸುಲಿಯುತ್ತಿದ್ದಳು. ನಾನು ಎದುರಿಗೆ ಕೂತು ಹುಳವಿದ್ದದ್ದನ್ನು ಬೇರೆ ಮಾಡುತ್ತಿದ್ದೆ. ಅವಳು ತಲೆಯೆತ್ತದೆ ಹೇಳಿದಳು:

‘ಅವನ್ ಥರ ಒಂದ್ಸಲ ಮಾತಾಡೋ.’

ಬೇಡವೆಂದರೂ ಅಣಕಿಸುವವನು ನಾನು, ಮಾವನನ್ನು ಅವನೆದುರಿಗೇ ದಿನಕ್ಕೆ ನಾಲ್ಕು ಸಲ ಮಾಡಿದವನು. ಈಗ ಯಾವ ಮಾತು ಆರಿಸಬೇಕೆಂದು ತೋಚಲಿಲ್ಲ. ಗಂಟಲು ಸರಿಮಾಡಿಕೊಂಡೆ. ಎರಡು ಸಲ. ಬಾಯಿ ತಾನಾಗಿಯೇ ಮುಂದೆ ಹೋಯಿತು.

‘ಅಳಿಯಂದ್ರೇ. ಬೆಳ್ಳಕ್ಕಿ ಕಾಸು ಒಂದ್ ದಿನಕ್ಕೆ ಕೊಡ್ತೀರಾ? ಗಾಡೀಲಿಟ್ಕೊಂಡಿರ್ತೀನಿ. ಮುಂದಿನ್ ಗಾಡಿ ಡಿಕ್ಕಿ ಬಿಟ್ರೆ ನೋಡಕ್ಕೇನಿಲ್ಲ ಅಲ್ಲಿ.’

ಅಮ್ಮನ ಕೈ ನಿಂತಿತು. ಧ್ವನಿ ಸರಿಯಾಗಿ ಬಂದಿತ್ತು, ಅವಳ ಮುಖ ನೋಡಿದರೆ ಗೊತ್ತಾಗುತ್ತಿತ್ತು.

‘ಯಾವಾಗ್ ಕೇಳ್ದ ಹಿಂಗೆ?’

‘ಹೋಗೋಕ್ ಮುಂಚೆ. ಇಪ್ಪತ್ ದಿನ.’

‘ಕೊಟ್ಯಾ?’

‘ಇಲ್ಲಮ್ಮ.’

ಅವಳು ಎರಡು ಕಾಯಿ ಸುಲಿದಳು. ಕಾಳು ಪಾತ್ರೆಗೆ ಬಿದ್ದ ಸದ್ದು ಕೇಳಿಸಿತು.

‘ಬಿಡು, ಕೊಟ್ಟಿದ್ರೂ ಕಳ್ದಾಕಿರೋನು’ ಎಂದಳು. ‘ಎರಡ್ ವಾಚ್ ಕಳ್ದವ್ನೆ, ನಮ್ಮಪ್ಪನ್ ಉಂಗುರ ಕಳ್ದವ್ನೆ.’ ಮತ್ತೊಂದು ಕಾಯಿ. ಆಮೇಲೆ, ‘ತಗೊಂಬಾ, ಹೆಂಗಿದೆ ನೋಡಣ. ಆವತ್ತು ನಾನ್ ಸರಿಯಾಗ್ ನೋಡ್ಲಿಲ್ಲ.’

ತಂದುಕೊಟ್ಟೆ. ಅವಳು ಕವರಿನಿಂದ ಕಾಸನ್ನು ಅಂಗೈಗೆ ಉದುರಿಸಿಕೊಂಡಳು. ಬೆರಳ ತುಂಬ ಅವರೆಯ ಸೊಗಡು, ಉಗುರೆಲ್ಲ ಹಸಿರು. ಅಂಚಿನಲ್ಲಿ ಹಿಡ್ಕೋ ಎನ್ನಬೇಕಾದ ಜಾಗದಲ್ಲಿ ನಾನು ಏನೂ ಅನ್ನಲಿಲ್ಲ. ಹೆಬ್ಬೆರಳಿನಿಂದ ರೆಕ್ಕೆಯನ್ನು ಉಜ್ಜಿದಳು, ಬಾಗಿಲಿನ ಬೆಳಕಿಗೆ ತಿರುಗಿಸಿದಳು, ಮತ್ತೆ ಉಜ್ಜಿದಳು. ಕಲೆಯಾಯಿತು, ನನಗೆ ಕಾಣುತ್ತಿತ್ತು.

‘ಕಾಲ್ ನೋಡು ಹೆಂಗ್ ಬಿಟ್ಕೊಂಡಿದೆ ಹಿಂದಕ್ಕೆ’ ಎಂದಳು. ಕಾಸನ್ನು ಮುಷ್ಟಿಯಲ್ಲಿಟ್ಟುಕೊಂಡು ಕೇಳಿದಳು, ‘ನನ್ನತ್ರ ಇರ್ಲಾ ಇದು?’

‘ಇಟ್ಕೋ’ ಎಂದೆ.

ಅಷ್ಟು ಹೇಳುವುದಕ್ಕೆ ಒಂದು ಉಸಿರೂ ಬೇಕಾಗಲಿಲ್ಲ.